ಮೀನಿನ ಮೊಟ್ಟೆಗೆ ಬೂಷ್ಟು ಹಿಡಿಯದಂತೆ ತಡೆಯುವುದು ಹೇಗೆ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಕುಮುದ್ವತಿ, ದಂಡಾವತಿ, ವರದಾ ನದಿಗಳು ಹರಿಯುವ ಈ ಸೀಮೆಯಲ್ಲಿ ಕೆರೆಗೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಟ್ಟು ಬೆಳೆಸುವುದು ರೈತರಿಗೆ ಹೊಸ ವಿಷಯವೇನೂ ಅಲ್ಲ. ಇದರ ಜೊತೆಗೆ ಮನೆಯ ಜಗಲಿಯ ಗಾಜಿನ ತೊಟ್ಟಿಯಲ್ಲೋ ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲೋ ಬಣ್ಣದ ಮೀನುಗಳನ್ನು ಸಾಕಿ, ಮರಿ ಮಾಡಿಸಿ ಮಾರಬೇಕೆಂಬ ಆಸಕ್ತಿಯೂ ಯುವಕರಲ್ಲಿ ಮತ್ತು ಮಹಿಳೆಯರಲ್ಲಿ ಕಂಡುಬರುತ್ತಿದೆ. ತೋಟ, ಗದ್ದೆ, ಕೊಟ್ಟಿಗೆಯ ಕೆಲಸದ ನಡುವೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಿಡುವು ಇದ್ದವರು ಮಾಡಬಹುದಾದ ಉಪಕಸುಬು ಇದು.

ಆದರೆ ಹೊಸದಾಗಿ ಕೈ ಹಾಕಿದವರಲ್ಲಿ ಬಹಳ ಮಂದಿ ಮೊದಲ ಸಲವೇ ಎಡವುವುದು ಒಂದೇ ಜಾಗದಲ್ಲಿ. ಮೀನು ಮೊಟ್ಟೆ ಇಟ್ಟಿತೆಂದು ಸಂತೋಷಪಟ್ಟು ಮರುದಿನ ಬಗ್ಗಿ ನೋಡಿದರೆ ಕೆಲವು ಮೊಟ್ಟೆಗಳು ಸುಣ್ಣದಂತೆ ಬೆಳ್ಳಗಾಗಿರುತ್ತವೆ. ಅದರ ಮರುದಿನ ಅವುಗಳ ಸುತ್ತ ಹತ್ತಿಯ ಎಳೆಗಳಂತಹ ಬೂಷ್ಟು ಎದ್ದಿರುತ್ತದೆ. ಮೂರನೆಯ ದಿನಕ್ಕೆ ಚೆನ್ನಾಗಿದ್ದ ಮೊಟ್ಟೆಗಳೂ ಆ ಹತ್ತಿಯ ಉಂಡೆಯೊಳಗೆ ಸೇರಿಹೋಗಿರುತ್ತವೆ. ಆಗ ಅಡಿಕೆ ತೋಟವಿದ್ದವರ ಕೈ ಸಹಜವಾಗಿ ಮೈಲುತುತ್ತದ ಡಬ್ಬಿಯ ಕಡೆ ಹೋಗುತ್ತದೆ. "ಬೂಷ್ಟಿಗೆ ಬೋರ್ಡೋ ಹೊಡೆಯುವುದು ತಾನೇ ನಮಗೆ ಗೊತ್ತಿರುವುದು, ಮೀನಿಗೂ ಸ್ವಲ್ಪ ಹಾಕಿದರೆ ಏನಾಗುತ್ತದೆ?" ಎಂಬ ಪ್ರಶ್ನೆ ತೋಟಗಾರರಿಂದ ಬರುವುದುಂಟು. ನಾನು ಬೇಸಾಯ ಶಾಸ್ತ್ರದವನಾದರೂ ಈ ಪ್ರಶ್ನೆ ತೋಟಕ್ಕೂ ತೊಟ್ಟಿಗೂ ಸೇರಿದ್ದಾದ ಕಾರಣ ಇದಕ್ಕೆ ವಿವರವಾದ ಉತ್ತರ ಕೊಡುವುದು ಅವಶ್ಯವೆನಿಸಿತು. ಮೀನಿನ ಮೊಟ್ಟೆಯ ಬೂಷ್ಟನ್ನು ತಡೆಯುವ ಕೆಲಸ ಮುಖ್ಯವಾಗಿ ಮೊಟ್ಟೆ ಸಾಯದಂತೆ ನೋಡಿಕೊಳ್ಳುವುದರಲ್ಲಿ ಮತ್ತು ಸತ್ತದ್ದನ್ನು ಕೂಡಲೇ ತೆಗೆಯುವುದರಲ್ಲಿ ಇದೆ. ಔಷಧದ ಸರದಿ ಅದರ ನಂತರ.

ಈ ಬೂಷ್ಟು ಯಾವುದು?

ಮೊಟ್ಟೆಯ ಮೇಲೆ ಬೆಳೆಯುವ ಈ ಜೀವಿಯ ಹೆಸರು ಸಾಪ್ರೊಲೆಗ್ನಿಯ. ಇದನ್ನು ವಾಡಿಕೆಯಲ್ಲಿ ಶಿಲೀಂಧ್ರವೆಂದು ಕರೆದರೂ ಇದು ಅಣಬೆ, ಉಪ್ಪಿನಕಾಯಿಯ ಬೂಷ್ಟುಗಳ ಜಾತಿಗೆ ಸೇರಿದ್ದಲ್ಲ. ನಿಜವಾದ ಶಿಲೀಂಧ್ರಗಳ ಜೀವಕೋಶದ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಪ್ರಧಾನವಾಗಿದ್ದರೆ, ಇದರ ಗೋಡೆ ಮುಖ್ಯವಾಗಿ ಸಸ್ಯಗಳಲ್ಲಿರುವಂತಹ ಸೆಲ್ಯುಲೋಸ್ ಮತ್ತು ಅದನ್ನು ಹೋಲುವ ವಸ್ತುಗಳಿಂದ ಆಗಿದೆ. ವಿಜ್ಞಾನಿಗಳು ಇದನ್ನು ಊಮೈಸೀಟ್ ಅಥವಾ ನೀರು ಬೂಷ್ಟುಗಳ ಗುಂಪಿಗೆ ಸೇರಿಸಿದ್ದಾರೆ.

ಈ ಗುಂಪು ನಮ್ಮ ರೈತರಿಗೆ ಅಪರಿಚಿತವಲ್ಲ. ಅಡಿಕೆಯ ಕೊಳೆರೋಗವನ್ನು ತರುವ ಫೈಟಾಫ್ತೊರ ಇದೇ ಗುಂಪಿನದು. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಘೋರ ಬರಗಾಲಕ್ಕೆ ಕಾರಣವಾದ ಅಂಗಮಾರಿ ರೋಗವೂ ಇದೇ ಗುಂಪಿನ ಜೀವಿಯಿಂದ ಬಂದದ್ದು. ದ್ರಾಕ್ಷಿಯ ಬೂಜು ತುಪ್ಪಟ ರೋಗದ ಕಾರಣವೂ ಇವುಗಳ ಬಂಧುವೇ. ಫ್ರಾನ್ಸಿನ ಮಿಲಾರ್ಡೆ ೧೮೮೫ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದದ್ದು ಈ ದ್ರಾಕ್ಷಿ ರೋಗಕ್ಕಾಗಿ. ಮೈಸೂರು ಸಂಸ್ಥಾನದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ಅದರ ವಿವರ ಪ್ರಕಟಿಸಿದರು. ಅಂದಿನಿಂದ ಬೋರ್ಡೋ ಸಿಂಪರಣೆ ಮಲೆನಾಡಿನ ತೋಟದ ವಾಡಿಕೆಯ ಕೆಲಸವಾಯಿತು.

ಕೊಳೆರೋಗದ ಬೀಜಕಣಗಳು ಮಳೆಯ ನೀರಿನ ತೆಳು ಪದರದಲ್ಲಿ ಈಜಿ ಕಾಯಿಯನ್ನು ಸೇರುವಂತೆ ಸಾಪ್ರೊಲೆಗ್ನಿಯದ ಬೀಜಕಣಗಳೂ ಸೂಕ್ಷ್ಮವಾದ ಬಾಲಗಳಿಂದ ನೀರಿನಲ್ಲಿ ಈಜುತ್ತವೆ. ಕೆರೆ, ಬಾವಿ, ಹಳ್ಳ, ತೊಟ್ಟಿ ಹೀಗೆ ಎಲ್ಲ ಸಿಹಿನೀರಿನಲ್ಲಿಯೂ ಅವು ಇರುತ್ತವೆ. ಆದಕಾರಣ ತೊಟ್ಟಿಯಿಂದ ಇವನ್ನು ಪೂರ್ತಿಯಾಗಿ ಹೊರಗಿಡುವುದು ಆಗದ ಮಾತು. ಅವು ನೆಲೆಯೂರಲು ಆಸ್ಪದ ಕೊಡದಿರುವುದೊಂದೇ ನಮ್ಮ ಕೈಯಲ್ಲಿರುವುದು.

ಸತ್ತ ಮೊಟ್ಟೆಯೇ ಬೂಷ್ಟಿಗೆ ಬಿತ್ತನೆ ನೆಲ

ಗಂಡಿನ ಬೀಜ ಕೂಡದ ಮೊಟ್ಟೆ, ಪೆಟ್ಟು ಬಿದ್ದ ಮೊಟ್ಟೆ, ಉಸಿರುಗಟ್ಟಿ ಸತ್ತ ಮೊಟ್ಟೆ, ಇವೇ ಬೂಷ್ಟಿನ ಮೊದಲ ಆಹಾರ. ಬೀಜಕಣ ಅಂತಹ ಮೊಟ್ಟೆಯ ಮೇಲೆ ಕುಳಿತು ಮೊಳೆತು ಒಂದೆರಡು ದಿನಗಳಲ್ಲಿ ಕಣ್ಣಿಗೆ ಕಾಣುವಷ್ಟು ಎಳೆ ಬಿಡುತ್ತದೆ. ಜೀವವಿರುವ ಮೊಟ್ಟೆಯ ಸಿಪ್ಪೆ ಮೊದಲಿಗೆ ಅದನ್ನು ಸ್ವಲ್ಪಮಟ್ಟಿಗೆ ತಡೆಯಬಲ್ಲದು. ಆದರೆ ಪಕ್ಕದ ಸತ್ತ ಮೊಟ್ಟೆಯಲ್ಲಿ ಬಲಿತ ಎಳೆಗಳು ಜೀವದ ಮೊಟ್ಟೆಯನ್ನು ಸುತ್ತಿಕೊಂಡಾಗ ಅದಕ್ಕೆ ಗಾಳಿ ಸಿಗದೆ ಸಾಯುತ್ತದೆ, ಸತ್ತ ಕೂಡಲೇ ಅದೂ ಬೂಷ್ಟಿಗೆ ಮೇವಾಗುತ್ತದೆ. ಕೊಳೆತ ಅಡಿಕೆಯನ್ನು ಆಯ್ದು ತೆಗೆಯದೆ ಕೊನೆಯಲ್ಲೇ ಬಿಟ್ಟರೆ ಇಡೀ ಕೊನೆ ಉದುರುವ ಬಗೆಯೇ ಇಲ್ಲಿಯೂ ನಡೆಯುವುದು.

ಮೀನುಗಳೇ ಇದಕ್ಕೆ ಪಾಠ ಹೇಳುತ್ತವೆ. ಏಂಜೆಲ್ ಮೀನಿನ ಜೋಡಿ ಎಲೆಯ ಮೇಲೋ ಕಲ್ಲಿನ ಮೇಲೋ ಮೊಟ್ಟೆ ಅಂಟಿಸಿ, ಹಗಲಿರುಳು ರೆಕ್ಕೆಯಿಂದ ಅದಕ್ಕೆ ನೀರು ಬೀಸುತ್ತಿರುತ್ತದೆ. ನಡುನಡುವೆ ಬೆಳ್ಳಗಾದ ಮೊಟ್ಟೆಗಳನ್ನು ಬಾಯಿಂದ ಹೆಕ್ಕಿ ತೆಗೆಯುತ್ತದೆ. ಕಾದಾಡುವ ಬೆಟ್ಟ ಮೀನಿನ ಗಂಡು ನೀರಿನ ಮೇಲೆ ನೊರೆಯ ಗೂಡು ಕಟ್ಟಿ, ಜಾರಿ ಬಿದ್ದ ಮೊಟ್ಟೆಯನ್ನು ಮತ್ತೆ ಗೂಡಿಗೆ ಸೇರಿಸುತ್ತದೆ. ನೀರು ಬೀಸುವುದು, ಕೆಟ್ಟದ್ದನ್ನು ಹೆಕ್ಕುವುದು ಇವೆರಡನ್ನೂ, ತಾಯಿ ತಂದೆಯನ್ನು ಬೇರ್ಪಡಿಸಿದ ತೊಟ್ಟಿಯಲ್ಲಿ, ನಾವು ಮಾಡಬೇಕಾಗುತ್ತದೆ.

ಯಾವ ಮೀನಿಗೆ ಎಷ್ಟು ಅಪಾಯ?

ಮೊಟ್ಟೆ ಒಡೆದು ಮರಿಯಾಗಲು ಹೆಚ್ಚು ಕಾಲ ಹಿಡಿದಷ್ಟೂ ಬೂಷ್ಟಿಗೆ ಹೆಚ್ಚು ಅವಕಾಶ. ಕಾಟ್ಲಾ, ರೋಹು ಮೀನುಗಳ ಮೊಟ್ಟೆ ಅಂಟುವುದಿಲ್ಲ, ಬೆಚ್ಚನೆಯ ನೀರಿನಲ್ಲಿ ೧೪ ರಿಂದ ೧೮ ಗಂಟೆಗಳಲ್ಲಿ ಮರಿಯಾಗುತ್ತವೆ. ಹೀಗಾಗಿ ಅವುಗಳಿಗೆ ಈ ಬಾಧೆ ಕಡಿಮೆ. ಸಾಮಾನ್ಯ ಗೆಂಡೆಯ ಮೊಟ್ಟೆ ಜಲಸಸ್ಯಗಳಿಗೆ ಅಂಟಿಕೊಂಡು ಎರಡು ಮೂರು ದಿನ ಇರುವುದರಿಂದ ಬಾಧೆ ಹೆಚ್ಚು. ಮನೆಯಲ್ಲಿ ಸಾಕುವ ಮೀನುಗಳ ವಿಷಯ ಹೀಗಿದೆ:

೧. ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್: ಇವು ನೇರವಾಗಿ ಮರಿ ಹಾಕುತ್ತವೆ. ಮೊಟ್ಟೆಯ ಬೂಷ್ಟಿನ ಚಿಂತೆಯೇ ಇಲ್ಲ. ಹೊಸಬರು ಇವುಗಳಿಂದ ಆರಂಭಿಸುವುದು ಉತ್ತಮ.

೨. ಚಿನ್ನದ ಮೀನು, ಅಂದರೆ ಗೋಲ್ಡ್ ಫಿಶ್: ಗೆಂಡೆಯ ಹತ್ತಿರದ ಸಂಬಂಧಿ. ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೀರಿ ಅಂಟು ಮೊಟ್ಟೆಗಳನ್ನು ಸಸ್ಯಗಳ ಮೇಲೆ ಚೆಲ್ಲುತ್ತದೆ. ೨೬ ರಿಂದ ೨೮ ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಎರಡು ಮೂರು ದಿನಗಳಲ್ಲಿ, ೨೦ ರಿಂದ ೨೨ ಡಿಗ್ರಿಯಲ್ಲಿ ನಾಲ್ಕೈದು ದಿನಗಳಲ್ಲಿ ಮರಿಯಾಗುವುದು. ಬೂಷ್ಟಿನ ಹಾವಳಿ ಹೆಚ್ಚು.

೩. ಏಂಜೆಲ್ ಮೀನು: ೨೭–೨೮ ಡಿಗ್ರಿಯಲ್ಲಿ ಸುಮಾರು ಎರಡರಿಂದ ಎರಡೂವರೆ ದಿನ. ಮೊಟ್ಟೆಗಳು ಒಂದರ ಪಕ್ಕ ಒಂದು ಸಾಲಾಗಿ ಇರುವುದರಿಂದ ಬೂಷ್ಟು ಬೇಗ ಹಬ್ಬುತ್ತದೆ.

೪. ಜೀಬ್ರಾ ಮೀನು: ಮೊಟ್ಟೆ ಅಂಟದೆ ತಳಕ್ಕೆ ಬೀಳುತ್ತವೆ. ಎರಡು ಮೂರು ದಿನಗಳಲ್ಲಿ ಮರಿಯಾಗುತ್ತವೆ. ತಳದಲ್ಲಿ ಕೊಳೆ ಇದ್ದರೆ ಮಾತ್ರ ತೊಂದರೆ.

೫. ಬೆಟ್ಟ, ಗೌರಾಮಿ: ನೊರೆ ಗೂಡಿನ ಮೀನುಗಳು. ಒಂದರಿಂದ ಒಂದೂವರೆ ದಿನದಲ್ಲಿ ಮರಿ ಹೊರಬರುತ್ತದೆ. ಗಂಡು ಮೀನೇ ಕಾಯುವುದರಿಂದ ಬಾಧೆ ಕಡಿಮೆ.

ಈ ಲೇಖನದ ಮುಂದಿನ ಭಾಗದಲ್ಲಿ ಮುಖ್ಯವಾಗಿ ಚಿನ್ನದ ಮೀನನ್ನು ಗಮನದಲ್ಲಿಟ್ಟುಕೊಂಡು ವಿವರಿಸಲಾಗಿದೆ. ಅಲ್ಪಸ್ವಲ್ಪ ಬದಲಾವಣೆಯಿಂದ ಇದು ಉಳಿದವುಗಳಿಗೂ ಅನ್ವಯಿಸುತ್ತದೆ.

ಮೊಟ್ಟೆ ಇಡುವ ಮೊದಲಿನ ಸಿದ್ಧತೆ

ಕಾಲ: ಜೂನ್‌ನಿಂದ ಆಗಸ್ಟ್‌ವರೆಗೆ ಸೊರಬ, ಚಂದ್ರಗುತ್ತಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಬಿಸಿಲಿಲ್ಲದೆ ತೊಟ್ಟಿಯ ನೀರು ತಣ್ಣಗಾಗಿ, ಮರಿಯಾಗುವುದು ತಡವಾಗುತ್ತದೆ. ಸಾಪ್ರೊಲೆಗ್ನಿಯಕ್ಕೆ ಇಂತಹ ತಂಪು ಬಾಧಕವಲ್ಲ. ಜೊತೆಗೆ ವಿದ್ಯುತ್ತು ಕೈಕೊಡುವುದೂ ಇದೇ ಕಾಲದಲ್ಲಿ. ನೀರು ಬೆಚ್ಚಗಿಡುವ ಹೀಟರ್ ಇಲ್ಲದವರು ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ ಅಥವಾ ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಮರಿ ಮಾಡಿಸುವುದು ಲೇಸು.

ತಾಯಿ ತಂದೆ ಮೀನುಗಳು: ಒಂದು ವರ್ಷ ತುಂಬಿದ, ಗಾಯವಿಲ್ಲದ, ಚುರುಕಾದ ಮೀನುಗಳನ್ನು ಆರಿಸಿಕೊಳ್ಳಬೇಕು. ಬೆದೆಗೆ ಬಂದ ಗಂಡಿನ ಕಿವಿರು ಮುಚ್ಚಳದ ಮೇಲೆ ರವೆಯಂತಹ ಬಿಳಿ ಚುಕ್ಕೆಗಳು ಏಳುತ್ತವೆ. ಹೆಣ್ಣಿನ ಹೊಟ್ಟೆ ಉಬ್ಬಿ ಮೃದುವಾಗಿರುತ್ತದೆ. ಒಂದು ಹೆಣ್ಣಿಗೆ ಎರಡು ಗಂಡು ಬಿಟ್ಟರೆ ಬೀಜ ಕೂಡದೆ ಉಳಿಯುವ ಮೊಟ್ಟೆಗಳು ಕಡಿಮೆಯಾಗುತ್ತವೆ. ಎಷ್ಟು ಕಡಿಮೆ ಮೊಟ್ಟೆ ಸಾಯುವುದೋ ಬೂಷ್ಟಿಗೆ ಅಷ್ಟು ಕಡಿಮೆ ಆಹಾರ ಎಂಬುದನ್ನು ಇಲ್ಲಿಂದಲೇ ಲೆಕ್ಕ ಹಾಕಬೇಕು. ಎರಡು ವಾರ ಮೊದಲು ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇಟ್ಟು ಎರೆಹುಳು ಚೂರು, ಸೊಳ್ಳೆಮರಿ, ಒಳ್ಳೆಯ ಕಾಳಿನ ಆಹಾರ ಕೊಡತಕ್ಕದ್ದು.

ತೊಟ್ಟಿ: ೬೦ ರಿಂದ ೮೦ ಲೀಟರ್ ಹಿಡಿಯುವ ತೊಟ್ಟಿ ಸಾಕು. ತಳದಲ್ಲಿ ಮರಳು, ಜಲ್ಲಿ ಬೇಡ. ಅವುಗಳ ಸಂದಿಯಲ್ಲಿ ಉಳಿದ ಆಹಾರ ಕೊಳೆತು ಬೂಷ್ಟಿಗೆ ಮನೆಯಾಗುತ್ತದೆ. ತೊಟ್ಟಿಯನ್ನು ಉಪ್ಪಿನಿಂದ ಉಜ್ಜಿ ತೊಳೆದು, ಒಂದು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಹೊಸ ಸಿಮೆಂಟು ತೊಟ್ಟಿಯಾದರೆ ಅದರಿಂದ ಸುಣ್ಣ ಬಿಡುತ್ತಲೇ ಇರುತ್ತದೆ. ಎರಡು ಮೂರು ವಾರ ನೀರು ತುಂಬಿ, ಬದಲಿಸಿ, ಹದ ಮಾಡದೆ ಅದರಲ್ಲಿ ಮೊಟ್ಟೆ ಇಡಿಸಬಾರದು.

ನೀರು: ಊರಿನ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುವುದರಿಂದ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಬಾವಿಯ ನೀರು ಉತ್ತಮ. ಆದರೆ ಅಡಿಕೆ ತೋಟದ ಬಸಿಗಾಲುವೆಯ ನೀರು, ಶುಂಠಿ ಗದ್ದೆಯಿಂದ ಹರಿದು ಬಂದ ನೀರು ಇವನ್ನು ಎಂದಿಗೂ ಬಳಸಕೂಡದು. ಅವುಗಳಲ್ಲಿ ತಾಮ್ರದ ಅಂಶ ಮತ್ತು ಇತರ ಔಷಧಗಳ ಶೇಷ ಇರಬಹುದು. ಔಷಧ ಹೊಡೆಯುವ ಡ್ರಮ್ಮು, ಕ್ಯಾನು, ಬಕೆಟ್ಟುಗಳಲ್ಲಿ ಮೀನಿನ ನೀರು ತರುವುದಂತೂ ಸಲ್ಲದು.

ಮೊಟ್ಟೆ ಅಂಟಲು ಆಸರೆ: ಕೆರೆಯಲ್ಲಿ ಸಿಗುವ ಹೈಡ್ರಿಲ್ಲ ಸಸ್ಯ ಅಥವಾ ಅಂತರಗಂಗೆಯ ಬೇರು ಇದಕ್ಕೆ ಒಳ್ಳೆಯದು. ಆದರೆ ಕೆರೆಯಿಂದ ತಂದ ಗಿಡದ ಜೊತೆ ಬಸವನ ಹುಳು, ಕೀಟ, ಕೊಳೆತ ಎಲೆ, ಬೂಷ್ಟಿನ ಬೀಜಕಣ ಎಲ್ಲವೂ ಬರುತ್ತವೆ. ಕೊಳೆತ ಭಾಗ ಕತ್ತರಿಸಿ, ಚೆನ್ನಾಗಿ ಜಾಲಿಸಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ತೆಳು ಗುಲಾಬಿ ಬಣ್ಣ ಬಂದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಮತ್ತೆ ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದು ಬಳಸಬೇಕು. ಇದಕ್ಕಿಂತ ಸುಲಭವಾದದ್ದು ನೈಲಾನ್ ಹಗ್ಗ. ಒಂದು ಅಡಿ ಉದ್ದದ ಹಗ್ಗದ ತುಂಡುಗಳ ಹುರಿ ಬಿಚ್ಚಿ, ಎಳೆಎಳೆಯಾಗಿ ಬಿಡಿಸಿ, ಒಂದು ತುದಿಯನ್ನು ಕಟ್ಟಿ ಕುಚ್ಚು ಮಾಡಿ ನೀರಿನಲ್ಲಿ ಇಳಿಬಿಡಬೇಕು. ಇದನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಹುದು, ಕೊಳೆಯುವುದಿಲ್ಲ. ಕುಚ್ಚುಗಳು ಸಾಕಷ್ಟಿರಬೇಕು. ಆಸರೆ ಕಡಿಮೆಯಾದರೆ ಮೊಟ್ಟೆಯ ಮೇಲೆ ಮೊಟ್ಟೆ ಬಿದ್ದು ಗೊಂಚಲಾಗಿ ಒಳಗಿನವು ಉಸಿರುಗಟ್ಟಿ ಸಾಯುತ್ತವೆ.

ಮೊಟ್ಟೆ ಇಟ್ಟ ಮೇಲೆ ಆರೈಕೆ

ಚಿನ್ನದ ಮೀನುಗಳು ಸಾಮಾನ್ಯವಾಗಿ ಮುಂಜಾವಿನಲ್ಲಿ ಮೊಟ್ಟೆ ಇಡುತ್ತವೆ. ಗಂಡುಗಳು ಹೆಣ್ಣನ್ನು ಅಟ್ಟಿಸಿಕೊಂಡು ತಿರುಗುವುದು ನಿಂತರೆ ಕೆಲಸ ಮುಗಿಯಿತೆಂದು ತಿಳಿಯಬೇಕು. ತಡಮಾಡಿದರೆ ಅವೇ ಮೊಟ್ಟೆಗಳನ್ನು ತಿಂದುಬಿಡುತ್ತವೆ.

ಮೊದಲನೆಯ ದಿನ: ಮೊಟ್ಟೆ ಅಂಟಿದ ಕುಚ್ಚುಗಳನ್ನು ಬೇರೊಂದು ಸ್ವಚ್ಛವಾದ ತೊಟ್ಟಿಗೆ ಅಥವಾ ಟಬ್ಬಿಗೆ ಸಾಗಿಸಬೇಕು. ಅದರಲ್ಲಿ ಅದೇ ಉಷ್ಣಾಂಶದ ನೀರು ಇರಬೇಕು. ಹಳೆಯ ತೊಟ್ಟಿಯ ತಿಳಿಯಾದ ನೀರನ್ನು ಅರ್ಧ ಬೆರೆಸಿದರೆ ಮೊಟ್ಟೆಗೆ ಏರುಪೇರಾಗುವುದಿಲ್ಲ. ಸಾಗಿಸುವಾಗ ಕುಚ್ಚನ್ನು ನೀರು ತುಂಬಿದ ಬೋಗುಣಿಯಲ್ಲಿಯೇ ಒಯ್ಯಬೇಕು. ತೊಟ್ಟಿಯ ಮೇಲೆ ನೇರ ಬಿಸಿಲು ಬೀಳಬಾರದು.

ಗಾಳಿ: ಏರ್ ಪಂಪಿನ ಕೊಳವೆಯನ್ನು ಮೊಟ್ಟೆಗಳ ಹತ್ತಿರ ಇಟ್ಟು ಗುಳ್ಳೆಗಳು ಮೆಲ್ಲಗೆ ಏಳುವಂತೆ ಮಾಡಬೇಕು. ಮೊಟ್ಟೆಗಳು ನಿಧಾನವಾಗಿ ಅಲುಗಿದರೆ ಸಾಕು, ಕುದಿಯುವ ನೀರಿನಂತೆ ಕಲಕಬಾರದು. ಮೀನು ರೆಕ್ಕೆ ಬೀಸುವ ಕೆಲಸಕ್ಕೆ ಇದು ಬದಲಿ. ನೀರು ಅಲುಗುತ್ತಿದ್ದರೆ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ, ಬೀಜಕಣಗಳು ಒಂದೆಡೆ ಕೂರುವುದೂ ಕಷ್ಟವಾಗುತ್ತದೆ. ವಿದ್ಯುತ್ತು ಹೋದಾಗ ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ಉಪಾಯವನ್ನು ಅನುಸರಿಸಬಹುದು. ತೊಟ್ಟಿಯ ಮೇಲೊಂದು ಕೊಡಪಾನವನ್ನು ಎತ್ತರದಲ್ಲಿಟ್ಟು, ಹನಿ ನೀರಾವರಿಯ ಹೊಸ ಸಣ್ಣ ಕೊಳವೆಯಿಂದ ತೊಟ್ಟಿಗೆ ಹನಿಹನಿಯಾಗಿ ನೀರು ಬೀಳಿಸಬೇಕು. ಕೊಡಪಾನ ಖಾಲಿಯಾದಾಗ ತೊಟ್ಟಿಯಿಂದಲೇ ನೀರು ತೆಗೆದು ಅದಕ್ಕೆ ತುಂಬಬಹುದು. ಗೊಬ್ಬರ ಹರಿಸಿದ ಹಳೆಯ ಹನಿ ಕೊಳವೆ ಬೇಡ.

ಹೆಕ್ಕುವುದು: ಇಡೀ ಕ್ರಮದಲ್ಲಿ ಬಹಳ ಮುಖ್ಯವಾದ ಕೆಲಸ ಇದು. ಬೀಜ ಕೂಡಿದ ಮೊಟ್ಟೆ ತಿಳಿಯಾಗಿ, ತುಸು ಹಳದಿ ಛಾಯೆಯ ಗಾಜಿನ ಮಣಿಯಂತೆ ಇರುತ್ತದೆ. ಸತ್ತದ್ದು ಸುಣ್ಣದಂತೆ ಬೆಳ್ಳಗಾಗುತ್ತದೆ. ಒಂದು ದಿನದೊಳಗೆ ಈ ವ್ಯತ್ಯಾಸ ಸ್ಪಷ್ಟವಾಗುವುದು. ಎರಡನೆಯ ದಿನದ ಹೊತ್ತಿಗೆ ಜೀವದ ಮೊಟ್ಟೆಯೊಳಗೆ ಎರಡು ಕಪ್ಪು ಕಣ್ಣಿನ ಚುಕ್ಕೆಗಳು ಕಾಣತೊಡಗುತ್ತವೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಟಾರ್ಚಿನ ಬೆಳಕಿನಲ್ಲಿ ನೋಡಿ ಬಿಳಿ ಮೊಟ್ಟೆಗಳನ್ನು ಡ್ರಾಪರಿನಿಂದ ಹೀರಿಯೋ ಚಿಮುಟದಿಂದ ಹಿಡಿದೋ ತೆಗೆಯಬೇಕು. ಒಂದೇ ಎಲೆಯ ಮೇಲೆ ಬಹಳಷ್ಟು ಬೆಳ್ಳಗಾಗಿದ್ದರೆ ಆ ಎಲೆಯನ್ನೇ ಕತ್ತರಿಸಿ ತೆಗೆಯುವುದು ಲೇಸು. ನಾಲ್ಕು ಒಳ್ಳೆಯ ಮೊಟ್ಟೆ ಹೋದರೂ ನಾನೂರು ಉಳಿಯುತ್ತವೆ. ತೆಗೆದ ಮೊಟ್ಟೆಗಳನ್ನು ತೊಟ್ಟಿಯ ಪಕ್ಕದಲ್ಲಿ ಚೆಲ್ಲದೆ ದೂರ ಹಾಕಿ, ಕೈ ಮತ್ತು ಚಿಮುಟವನ್ನು ತೊಳೆದುಕೊಳ್ಳಬೇಕು.

ಏಂಜೆಲ್ ಮೀನಿನವರು ತೊಟ್ಟಿಯಲ್ಲಿ ಸ್ಲೇಟಿನ ತುಂಡು ಅಥವಾ ಹೆಂಚಿನ ಚೂರನ್ನು ಓರೆಯಾಗಿ ನಿಲ್ಲಿಸಿದ್ದರೆ ಮೊಟ್ಟೆ ಸಹಿತ ಅದನ್ನೇ ಬೇರೆ ಜಾಡಿಗೆ ಸಾಗಿಸಿ ಇದೇ ಕ್ರಮ ಅನುಸರಿಸಬಹುದು.

ಔಷಧ ಬೇಕಾದರೆ ಯಾವುದು, ಎಷ್ಟು?

ಮೇಲಿನ ಆರೈಕೆಯ ಜೊತೆಗೆ ಮುನ್ನೆಚ್ಚರಿಕೆಯಾಗಿ ಔಷಧ ಬಳಸುವುದಾದರೆ ಮೊಟ್ಟೆ ಇಟ್ಟ ದಿನವೇ ಹಾಕಬೇಕು. ಹತ್ತಿಯ ಉಂಡೆ ಕಂಡ ಮೇಲೆ ಹಾಕಿದರೆ ಆಗಲೇ ಸತ್ತದ್ದು ಬದುಕುವುದಿಲ್ಲ. ಮಳೆ ಹಿಡಿಯುವ ಮುಂಚೆಯೇ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಅಥವಾ ಬೋರ್ಡೋ ಹೊಡೆಯುವ ಕ್ರಮ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಿಥಿಲೀನ್ ಬ್ಲೂ: ಮನೆ ಬಳಕೆಗೆ ಸುಲಭವಾದದ್ದು. ಒಂದು ಲೀಟರ್ ನೀರಿಗೆ ೧ ರಿಂದ ೨ ಮಿಲಿಗ್ರಾಂ ಪ್ರಮಾಣ ಸಾಕು. ಶೇಕಡ ೧ರ ದ್ರಾವಣ ಸಿಕ್ಕಿದರೆ ಅದರ ೧ ಮಿ.ಲೀ.ನಲ್ಲಿ ೧೦ ಮಿಲಿಗ್ರಾಂ ಇರುತ್ತದೆ. ಅಂದರೆ ೧೦ ಲೀಟರ್ ನೀರಿಗೆ ೧ ರಿಂದ ೨ ಮಿ.ಲೀ. ಹಾಕಬೇಕು. ನೀರು ತಿಳಿ ನೀಲಿಯಾಗಬೇಕೇ ಹೊರತು ಒಳಗಿನ ಮೊಟ್ಟೆ ಕಾಣದಷ್ಟು ಗಾಢವಾಗಬಾರದು. ಅಂಗಡಿಯ ಸೀಸೆಗಳಲ್ಲಿ ಶಕ್ತಿ ಬೇರೆ ಬೇರೆ ಇರುವುದರಿಂದ ಚೀಟಿ ಓದಿ ಲೆಕ್ಕ ಹಾಕತಕ್ಕದ್ದು. ಇದು ನೀರು ಶುದ್ಧಿಮಾಡುವ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ದೊಡ್ಡ ಮೀನುಗಳಿರುವ, ಶೋಧಕವಿರುವ ತೊಟ್ಟಿಗೆ ಹಾಕಬಾರದು. ಮೊಟ್ಟೆಯ ಟಬ್ಬಿಗೆ ಮಾತ್ರ ಸಾಕು. ಬಟ್ಟೆಗೆ ತಾಗಿದರೆ ಕಲೆ ಹೋಗದು.

ಹೈಡ್ರೋಜನ್ ಪೆರಾಕ್ಸೈಡ್: ಅಮೆರಿಕದಲ್ಲಿ ೨೦೦೭ರಲ್ಲಿ ಸಿಹಿನೀರಿನ ಮೀನು ಮೊಟ್ಟೆಗಳ ಈ ರೋಗಕ್ಕೆ ಇದನ್ನು ಅಂಗೀಕರಿಸಲಾಯಿತು. ಬೆಚ್ಚನೆಯ ನೀರಿನ ಮೀನಿನ ಮೊಟ್ಟೆಗೆ ಲೀಟರಿಗೆ ೭೫೦ ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೊಮ್ಮೆ ೧೫ ನಿಮಿಷ ಮಾತ್ರ. ಔಷಧ ಅಂಗಡಿಯ ಶೇಕಡ ೩ರ ದ್ರಾವಣವಾದರೆ ಒಂದು ಲೀಟರ್ ನೀರಿಗೆ ೨೫ ಮಿ.ಲೀ., ಶೇಕಡ ೬ರದ್ದಾದರೆ ೧೨.೫ ಮಿ.ಲೀ. ಇದನ್ನು ಬೇರೆ ಪಾತ್ರೆಯಲ್ಲಿ ಬೆರೆಸಿ, ಕುಚ್ಚನ್ನು ಗಡಿಯಾರ ನೋಡಿಕೊಂಡು ಅದ್ದಿ ತೆಗೆದು, ಮತ್ತೆ ಒಳ್ಳೆಯ ನೀರಿಗೆ ಬಿಡಬೇಕು. ಮೊದಲು ಹತ್ತಿಪ್ಪತ್ತು ಮೊಟ್ಟೆಗಳ ಮೇಲೆ ಪರೀಕ್ಷಿಸಿ ನೋಡುವುದು ಕ್ಷೇಮ. ಮರಿಯಾಗುವ ಹೊತ್ತು ಹತ್ತಿರವಾದಾಗ ನಿಲ್ಲಿಸಬೇಕು. ಮಿಥಿಲೀನ್ ಬ್ಲೂ ಜೊತೆಗೆ ಇದನ್ನು ಬೆರೆಸಬಾರದು.

ಬಾದಾಮಿ ಎಲೆ: ಶಾಲೆಯ ಅಂಗಳದಲ್ಲಿ ನೆರಳಿಗೆ ಬೆಳೆಸುವ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆಯಲ್ಲಿ ಟ್ಯಾನಿನ್ ಹೆಚ್ಚು. ಆಗ್ನೇಯ ಏಷ್ಯಾದ ಬೆಟ್ಟ ಮೀನು ಸಾಕುವವರು ಇದನ್ನು ಬಹಳ ಕಾಲದಿಂದ ಬಳಸುತ್ತಾರೆ. ಥಾಯ್ಲೆಂಡಿನಲ್ಲಿ ತಿಲಾಪಿಯಾ ಮೊಟ್ಟೆಗಳ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಇದರ ಕಷಾಯ ಬೂಷ್ಟನ್ನು ಕಡಿಮೆ ಮಾಡಿದ್ದು ಕಂಡುಬಂದಿತು. ತೊಳೆದ ಒಂದು ದೊಡ್ಡ ಎಲೆಯನ್ನು ಸುಮಾರು ೨೦ ಲೀಟರ್ ನೀರಿನಲ್ಲಿ ಎರಡು ದಿನ ಮೊದಲೇ ನೆನೆಹಾಕಿದರೆ ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತದೆ. ಇದು ಸಹಾಯಕ ಕ್ರಮ ಮಾತ್ರ, ಹೆಕ್ಕುವ ಕೆಲಸ ಇದರಿಂದ ತಪ್ಪುವುದಿಲ್ಲ. ಔಷಧ ಸಿಂಪಡಿಸಿದ ಜಾಗದ ಎಲೆ ಬೇಡ.

ಮ್ಯಾಲಕೈಟ್ ಗ್ರೀನ್: ಹಿಂದೆ ಮೀನು ಮೊಟ್ಟೆಗೆ ಬಹಳವಾಗಿ ಬಳಕೆಯಲ್ಲಿತ್ತು. ಆರೋಗ್ಯಕ್ಕೆ ಹಾನಿಕರವೆಂದು ಕಂಡುಬಂದ ಮೇಲೆ ಅಮೆರಿಕ, ಯುರೋಪುಗಳಲ್ಲಿ ತಿನ್ನುವ ಮೀನಿಗೆ ಇದನ್ನು ಬಳಸಲು ಬಿಡುವುದಿಲ್ಲ. ಕೆರೆ ಗೆಂಡೆಯ ಮೊಟ್ಟೆಗೂ ಮನೆಯ ತೊಟ್ಟಿಗೂ ಇದು ಬೇಡವೇ ಬೇಡ. ಫಾರ್ಮಾಲಿನ್ ಸಹ ಮನೆಯೊಳಗೆ ಬಳಸುವ ವಸ್ತುವಲ್ಲ.

ಮೈಲುತುತ್ತ ಏಕೆ ಬೇಡ?

ಕೊಳೆರೋಗದ ಬಂಧುವಾದ ಮೇಲೆ ತಾಮ್ರ ಇದರ ಮೇಲೂ ಕೆಲಸ ಮಾಡಬೇಕಲ್ಲವೇ ಎಂಬ ತರ್ಕ ತಪ್ಪಲ್ಲ. ಆದರೆ ಅಡಿಕೆ ಕಾಯಿಗೆ ಕಿವಿರಿಲ್ಲ. ಮೀನು ತಾಮ್ರವನ್ನು ಕಿವಿರಿನ ಮೂಲಕ ನೇರವಾಗಿ ಎದುರಿಸುತ್ತದೆ, ಆಗ ತಾನೇ ಹೊರಬಂದ ಮರಿ ಎಲ್ಲಕ್ಕಿಂತ ಸೂಕ್ಷ್ಮ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ತಾಮ್ರದ ವಿಷವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಹೆಚ್ಚು ಮಳೆಯ ಮಲೆನಾಡಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದದ್ದು, ಅಂತಹ ರಕ್ಷಣೆ ಅದರಲ್ಲಿ ಇರುವುದಿಲ್ಲ.

ಒಂದು ಲೆಕ್ಕ ನೋಡೋಣ. ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರ್ ನೀರು ಸೇರಿ ಶೇಕಡ ೧ರ ಬೋರ್ಡೋ ದ್ರಾವಣವಾಗುತ್ತದೆ. ಇದರ ೧ ಮಿ.ಲೀ.ನಲ್ಲಿ ೧೦ ಮಿಲಿಗ್ರಾಂ ಮೈಲುತುತ್ತ ಇರುತ್ತದೆ. ಮೈಲುತುತ್ತದಲ್ಲಿ ತಾಮ್ರ ಸುಮಾರು ಕಾಲು ಭಾಗ, ಅಂದರೆ ೨.೫ ಮಿಲಿಗ್ರಾಂ. ಒಂದು ಚಹಾ ಚಮಚ, ಎಂದರೆ ೫ ಮಿ.ಲೀ. ಬೋರ್ಡೋವನ್ನು ೫೦ ಲೀಟರ್ ತೊಟ್ಟಿಗೆ ಹಾಕಿದರೆ ಲೀಟರಿಗೆ ೦.೨೫ ಮಿಲಿಗ್ರಾಂ ತಾಮ್ರ ಸೇರಿದಂತಾಯಿತು. ಮೆದು ನೀರಿನಲ್ಲಿ ಅಷ್ಟು ತಾಮ್ರ ಕರಗಿದರೆ ಮೀನುಮರಿಗಳಿಗೆ ಪ್ರಾಣಾಪಾಯ. ಬೋರ್ಡೋದಲ್ಲಿನ ತಾಮ್ರ ಒಮ್ಮೆಗೇ ಕರಗದಿದ್ದರೂ ತಳದಲ್ಲಿ ಕುಳಿತು ನಿಧಾನವಾಗಿ ಬಿಡುತ್ತಿರುತ್ತದೆ. ಸಿಮೆಂಟಿನ ಗೋಡೆಗೆ ಹಿಡಿದ ತಾಮ್ರ ಮುಂದಿನ ಸಲದ ಮೊಟ್ಟೆಗೂ ಕಾಟ ಕೊಡಬಹುದು. ಚಮಚದ ಅಳತೆಯಲ್ಲೇ ಇಷ್ಟು ಅಪಾಯವಿರುವಾಗ ಕೈಯಂದಾಜಿನಿಂದ ಹಾಕುವುದರ ಫಲ ಹೇಳಬೇಕಾಗಿಲ್ಲ. ಇದೇ ಕಾರಣದಿಂದ ತೋಟದಲ್ಲಿ ಸಿಂಪರಣೆ ನಡೆಯುವ ದಿನ ಹಿತ್ತಲಿನ ತೊಟ್ಟಿಗಳ ಮೇಲೆ ಹೊದಿಕೆ ಹಾಕಬೇಕು. ಸಿಂಪಡಿಸುವವರು ಕೈ ಕಾಲು ತೊಳೆಯದೆ ತೊಟ್ಟಿಗೆ ಕೈ ಹಾಕಬಾರದು.

ಮರಿ ಹೊರಬಂದ ಮೇಲೆ

ಮೊಟ್ಟೆಯೊಡೆದ ಮರಿಗಳು ಸುಮಾರು ಎರಡು ದಿನ ತೊಟ್ಟಿಯ ಗೋಡೆಗೆ, ಕುಚ್ಚಿಗೆ ಅಂಟಿಕೊಂಡು ಹೊಟ್ಟೆಯಲ್ಲಿರುವ ಹಳದಿ ಚೀಲದ ಆಹಾರದಿಂದಲೇ ಬದುಕುತ್ತವೆ. ಆಗ ಅವಕ್ಕೆ ತಿನ್ನಲು ಏನನ್ನೂ ಹಾಕಬಾರದು. ಹಾಕಿದ್ದು ಕೊಳೆತು ನೀರು ಕೆಡುತ್ತದೆ. ಒಡೆಯದೆ ಉಳಿದ ಮೊಟ್ಟೆ, ಖಾಲಿ ಸಿಪ್ಪೆಗಳನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯಬೇಕು. ಮರಿಗಳು ಈಜತೊಡಗಿದ ಮೇಲೆ ದಿನಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸುತ್ತಾ ಮಿಥಿಲೀನ್ ಬ್ಲೂ ಬಣ್ಣವನ್ನು ಕಡಿಮೆ ಮಾಡಬೇಕು. ಔಷಧ ಬೀರದ ಗದ್ದೆಯ ಬತ್ತದ ಹುಲ್ಲನ್ನು ಕೆಲವು ದಿನ ನೆನೆಸಿಟ್ಟ ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ಅಥವಾ ತೆಳು ಬಟ್ಟೆಯಲ್ಲಿ ಸೋಸಿದ ಬೆಂದ ಕೋಳಿಮೊಟ್ಟೆಯ ಹಳದಿ ಮೊದಲ ಆಹಾರವಾಗಬಲ್ಲದು. ಹಳದಿಯನ್ನು ಚಿಟಿಕೆಯಷ್ಟು ಮಾತ್ರ ಕೊಡಬೇಕು. ಬಣ್ಣದ ನೀರನ್ನು ಬಾವಿ, ಕೆರೆಗಳಿಂದ ದೂರ ನೆಲಕ್ಕೆ ಚೆಲ್ಲಬೇಕು. ಹೆಚ್ಚಾದ ಬಣ್ಣದ ಮೀನುಗಳನ್ನು ಕೆರೆ ಹೊಳೆಗಳಿಗೆ ಬಿಡುವುದು ನಮ್ಮ ನಾಡಿನ ಮೀನುಗಳಿಗೆ ಕೇಡು.

ನೆರವು ಮತ್ತು ಮಾಹಿತಿ

೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ ೩ ಲಕ್ಷ ರೂಪಾಯಿ ಘಟಕ ವೆಚ್ಚವನ್ನು ನಿಗದಿ ಮಾಡಿ, ಸಾಮಾನ್ಯ ವರ್ಗದವರಿಗೆ ಶೇಕಡ ೪೦, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡ ೬೦ ಸಹಾಯಧನ ಇಡಲಾಗಿತ್ತು. ಈ ವರ್ಷದ ಅನುದಾನ ಮತ್ತು ನಿಯಮಗಳನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿಯಬೇಕು. ೧೯೬೯ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಮತ್ತು ಬೆಂಗಳೂರು ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರಗಳಲ್ಲಿ ಈ ವಿಷಯದ ತಜ್ಞರು ಇದ್ದಾರೆ. ಸಾಲ ಮಾಡಿ ದೊಡ್ಡ ಘಟಕ ಕಟ್ಟುವ ಮೊದಲು ಒಂದೆರಡು ತೊಟ್ಟಿಯಲ್ಲಿ ಎರಡು ಮೂರು ಸಲ ಮರಿ ಮಾಡಿಸಿ ಕೈ ಪಳಗಿಸಿಕೊಳ್ಳುವುದು ಜಾಣತನ.

ನೆನಪಿನಲ್ಲಿಡಬೇಕಾದ ಅಂಶಗಳು

೧. ಒಂದು ಹೆಣ್ಣಿಗೆ ಎರಡು ಗಂಡು. ಬೀಜ ಕೂಡದ ಮೊಟ್ಟೆಯೇ ಬೂಷ್ಟಿನ ಮೂಲ.
೨. ತೊಟ್ಟಿಯ ತಳದಲ್ಲಿ ಮರಳು, ಕೊಳೆ ಬೇಡ. ಗಿಡ, ಕುಚ್ಚು ಶುದ್ಧವಾಗಿರಲಿ.
೩. ಮೊಟ್ಟೆ ಇಟ್ಟ ಕೂಡಲೇ ದೊಡ್ಡ ಮೀನು ಬೇರೆ, ಮೊಟ್ಟೆ ಬೇರೆ.
೪. ನೀರು ಬೆಚ್ಚಗಿರಲಿ, ಮೆಲ್ಲಗೆ ಅಲುಗುತ್ತಿರಲಿ.
೫. ಬೆಳಿಗ್ಗೆ, ಸಂಜೆ ಬಿಳಿ ಮೊಟ್ಟೆ ಹೆಕ್ಕಿ ತೆಗೆಯಿರಿ.
೬. ಮಿಥಿಲೀನ್ ಬ್ಲೂ ಹಾಕುವುದಾದರೆ ಮೊದಲ ದಿನವೇ, ಅಳತೆ ಮಾಡಿ ಹಾಕಿ.
೭. ಮೈಲುತುತ್ತ, ಬೋರ್ಡೋ, ತೋಟದ ಔಷಧದ ಪಾತ್ರೆಗಳು ತೊಟ್ಟಿಯ ಹತ್ತಿರವೂ ಸುಳಿಯದಿರಲಿ.

ಈ ಏಳು ಅಂಶಗಳಲ್ಲಿ ಐದನೆಯದು ಖರ್ಚಿಲ್ಲದ್ದು, ಆದರೆ ಬೇಸರ ತರಿಸುವಂಥದ್ದು. ಅದನ್ನು ಎರಡು ಮೂರು ದಿನ ತಪ್ಪದೆ ಮಾಡಿದವರ ತೊಟ್ಟಿಯಲ್ಲಿ ಮರಿಗಳು ಉಳಿಯುತ್ತವೆ.